ಹಿಮೋಗ್ಲೋಬಿನ್ ಸರಿಯಿದೆ, ರಾತ್ರಿ ಕಾಲು ಮಾತ್ರ ಸುಮ್ಮನಿರುವುದಿಲ್ಲ

ಪ್ರಶ್ನೆ: ನನಗೆ 44 ವರ್ಷ. ರಾತ್ರಿ ಮಲಗಿ ಸ್ವಲ್ಪ ಹೊತ್ತಿಗೆ ಎರಡೂ ಮೀನಖಂಡಗಳ ಒಳಗೆ ಹುಳ ಹರಿದಂತಾಗುತ್ತದೆ. ನೋವಲ್ಲ, ಆದರೆ ಕಾಲು ಅಲುಗಾಡಿಸದೆ ಇರಲಾಗುವುದಿಲ್ಲ. ಎದ್ದು ಜಗಲಿಯಲ್ಲಿ ನಡೆದರೆ ಸರಿಹೋಗುತ್ತದೆ, ಮಲಗಿದರೆ ಮತ್ತೆ ಶುರು. ಬಯಲಾಟಕ್ಕೆ ಹೋದರೂ ಕುಳಿತು ನೋಡಲಾಗುವುದಿಲ್ಲ. ಅತ್ತೆ ಇದನ್ನು ವಾಯು ಎನ್ನುತ್ತಾರೆ. ಹಿಮೋಗ್ಲೋಬಿನ್ 12.3, ಸಕ್ಕರೆ ಕಾಯಿಲೆ ಇಲ್ಲ. ಇತ್ತೀಚೆಗೆ ಮುಟ್ಟಿನ ಸ್ರಾವ ಹೆಚ್ಚಾಗಿದೆ. ನಿದ್ದೆ ಬರಲೆಂದು ಆಗಾಗ ಶೀತದ ಮಾತ್ರೆ ನುಂಗುತ್ತೇನೆ.
– ಗೃಹಿಣಿ, ಬ್ರಹ್ಮಾವರ

ಉತ್ತರ: ಮೊದಲು ಆ ಶೀತದ ಮಾತ್ರೆ ಬಿಡಿ. ಅಂಥ ಮಾತ್ರೆಗಳಲ್ಲಿರುವ, ಮಂಪರು ತರಿಸುವ ಅಲರ್ಜಿ ಔಷಧಗಳು ಈ ತೊಂದರೆಯನ್ನು ಕೆರಳಿಸುತ್ತವೆ. ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. ಆದರೆ ವೈದ್ಯರು ಬರೆದುಕೊಟ್ಟ ಔಷಧವನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ನೀವು ಬರೆದಿರುವುದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್‌ನ ಲಕ್ಷಣಗಳನ್ನೇ: ಕಾಲಾಡಿಸಬೇಕೆನ್ನುವ ತಡೆಯಲಾಗದ ತುಡಿತ, ಸುಮ್ಮನಿದ್ದಾಗ ಹೆಚ್ಚಳ, ನಡೆದರೆ ಶಮನ, ಸಂಜೆಯ ನಂತರ ಉಲ್ಬಣ. ಸ್ನಾಯು ಸೆಳೆತವಾದರೆ ಮೀನಖಂಡ ಗಂಟುಕಟ್ಟಿ ನೋಯುತ್ತದೆ. ಸಕ್ಕರೆ ಕಾಯಿಲೆಯ ನರದೋಷದಲ್ಲಿ ಪಾದ ಉರಿಯುತ್ತದೆ, ನಡೆದರೂ ಅದು ಬಿಡುವುದಿಲ್ಲ. 1672ರಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ನಿಮ್ಮಂಥ ಕಾಲಿನ ತುಡಿತವನ್ನು ವರ್ಣಿಸಿದ್ದ. ಇಷ್ಟು ಹಳೆಯ ಕಾಯಿಲೆಯನ್ನು ಇಂದಿಗೂ ‘ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಿಮೋಗ್ಲೋಬಿನ್ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಅದು ಕುಸಿಯುವ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಮಿದುಳಿಗೆ ಸಾಕಷ್ಟು ಕಬ್ಬಿಣ ಸಿಗದಿರುವುದಕ್ಕೂ ಈ ಕಾಯಿಲೆಗೂ ಹತ್ತಿರದ ನಂಟಿದೆ. ಹೆಚ್ಚು ಸ್ರಾವವಾಗುವ ನಿಮ್ಮಲ್ಲಿ ನನ್ನ ಅನುಮಾನವೂ ಅದೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಅಳತೆ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಸಾಗುವ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. ಜ್ವರವಿದ್ದಾಗ ಬೇಡ, ಆಗ ಫೆರಿಟಿನ್ ಸುಳ್ಳೇ ಏರಿರುತ್ತದೆ. ಫೆರಿಟಿನ್ 20 ಇದ್ದರೂ ವರದಿಯಲ್ಲಿ ‘ನಾರ್ಮಲ್’ ಎಂದು ಬರಬಹುದು. ಆದರೆ ಈ ತೊಂದರೆ ಇರುವವರಲ್ಲಿ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದು ಈಗಿನ ಪದ್ಧತಿ. ಪರೀಕ್ಷೆಯಿಲ್ಲದೆ ನೀವಾಗಿಯೇ ಮಾತ್ರೆ ಶುರುಮಾಡಬೇಡಿ. ಮಾತ್ರೆ ಕೊಟ್ಟರೆ ಅದರ ಆಸುಪಾಸಿನಲ್ಲಿ ಚಹಾ, ಕಾಫಿ, ಕ್ಯಾಲ್ಸಿಯಂ ಬೇಡ, ಲಿಂಬೆ ಶರಬತ್ತು ಒಳ್ಳೆಯದು. ಗುಣ ಕಾಣಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೀನು ತಿನ್ನುವ ಮನೆಯಾದರೆ ಮರುವಾಯಿಯಲ್ಲಿ (ಚಿಪ್ಪುಮೀನು) ಕಬ್ಬಿಣ ಧಾರಾಳ. ಹರಿವೆ, ಬಸಳೆಯಲ್ಲಿರುವುದು ಮೈಗೆ ಹತ್ತುವುದು ಕಡಿಮೆ. ಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನೂ ಕಾಣಿ, ಸೋರುವುದು ನಿಲ್ಲದೆ ತುಂಬಿಸಿ ಏನು ಪ್ರಯೋಜನ?

ಅಲ್ಲಿಯವರೆಗೆ ಸಂಜೆಯ ಕಾಫಿ ಬಿಡಿ. ಮಲಗುವ ಮುನ್ನ ಬಿಸಿನೀರಿನಲ್ಲಿ ಕಾಲಿಟ್ಟು ಮೀನಖಂಡ ನೀವಿಕೊಳ್ಳಿ. ಅತ್ತೆಯವರ ಎಣ್ಣೆ ತಿಕ್ಕಾಟಕ್ಕೆ ನನ್ನ ತಕರಾರಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಿಗಿಂತ ಹಗಲಿನ ಪ್ರಯಾಣ ಹಿತ.

ಇಷ್ಟಾದರೂ ನಿದ್ದೆ ಕೆಡುತ್ತಿದ್ದರೆ ನರರೋಗ ತಜ್ಞರು ಗ್ಯಾಬಪೆಂಟಿನ್ ಗುಂಪಿನ ಔಷಧ ಕೊಡಬಹುದು. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧ ಪ್ರಾಮಿಪೆಕ್ಸೋಲ್ ಮೊದಮೊದಲು ಚೆನ್ನಾಗಿ ಕೆಲಸ ಮಾಡಿದರೂ ವರ್ಷಗಟ್ಟಲೆ ಬಳಸಿದರೆ ಕಾಯಿಲೆಯನ್ನೇ ಹೆಚ್ಚಿಸುವುದುಂಟು. ಅದನ್ನು ಬರೆದರೆ ಈ ಬಗ್ಗೆ ಕೇಳಿಯೇ ತೆಗೆದುಕೊಳ್ಳಿ.