ಇನ್ನೊಂದು ಮೆಷಿನ್ ಬೇಕಾ? ಕೊಳ್ಳೋ ಮುಂಚೆ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿ

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ವಾಲ್ವ್ ಬಾಡಿ ಮಾಡ್ತೀವಿ. 4 ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸೋ ಲೇತ್), 2 ವಿಎಂಸಿ (ಲೋಹ ಕೊರೆದು ತೂತು ಹಾಕೋ ಕಂಪ್ಯೂಟರ್ ಮೆಷಿನ್), ಆಮೇಲೆ ಬರ್ (ಅಂಚಲ್ಲಿ ಉಳಿಯೋ ಚೂಪು ಲೋಹ) ತೆಗೆಯೋದು, ತೊಳೆಯೋದು, ಇನ್‌ಸ್ಪೆಕ್ಷನ್. ವಿಎಂಸಿಯಲ್ಲಿ ಪೀಸಿಗೆ 18 ನಿಮಿಷ, ಎರಡು ಶಿಫ್ಟ್. ದಿನಕ್ಕೆ 75 ಪೀಸ್ ಹೊರಗೆ ಹೋಗುತ್ತೆ. ವಿಎಂಸಿ ಮುಂದೆ ಯಾವಾಗ ನೋಡಿದ್ರೂ ಕ್ರೇಟ್‌ಗಳ ರಾಶಿ, ಡೆಲಿವರಿ ತಡ ಅಂತ ಪಾರ್ಟಿಯಿಂದ ದಿನಾ ಫೋನ್. ಸಾಲ ಮಾಡಿ ಮೂರನೇ ವಿಎಂಸಿ ಹಾಕೋಣ ಅಂತಿದ್ದೀನಿ. ಮಗ 'ಮೊದಲು ಸಿಮ್ಯುಲೇಷನ್ ಮಾಡಿ ನೋಡೋಣ' ಅಂತಾನೆ. ನಮ್ಮಂಥ ಸಣ್ಣವರಿಗೂ ಅದರಿಂದ ಉಪಯೋಗ ಇದೆಯಾ?

ಉತ್ತರ: ಖಂಡಿತ ಇದೆ. ದೊಡ್ಡ ಕಂಪನಿ ತಪ್ಪು ಮೆಷಿನ್ ಕೊಂಡ್ರೆ ತಡ್ಕೊಳ್ಳುತ್ತೆ, ನಿಮಗೆ ಅದರ ಕಂತು ಐದು ವರ್ಷ ಕಾಡುತ್ತೆ.

ಸಿಮ್ಯುಲೇಷನ್ ಅಂದ್ರೆ ಇಷ್ಟೇ. ನಿಮ್ಮ ಶಾಪ್‌ನ ಮೆಷಿನ್, ಆಪರೇಟರ್, ಕ್ರೇಟ್, ಶಿಫ್ಟ್, ಕರೆಂಟ್ ಹೋಗೋದು ಎಲ್ಲವನ್ನೂ ಕಂಪ್ಯೂಟರ್ ಒಳಗೆ ಕಟ್ಟಿ (ಇದನ್ನೇ ಮಾಡೆಲ್ ಅನ್ನೋದು), ಆರು ತಿಂಗಳ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಓಡಿಸಿ, ಎಲ್ಲಿ ಕ್ಯೂ ಬೆಳೀತು, ಯಾರು ಸುಮ್ನೆ ಕೂತ್ರು ಅಂತ ನೋಡೋದು. ಆದರೆ ಸಾಫ್ಟ್‌ವೇರ್ ತೆರೆಯೋ ಮುಂಚೆ ಕಾಗದದ ಮೇಲೆ ಎರಡು ಲೆಕ್ಕ ಹಾಕೋಣ.

ಎರಡು ಶಿಫ್ಟ್ ಅಂದ್ರೆ 16 ಗಂಟೆ, 960 ನಿಮಿಷ. ಪೀಸಿಗೆ 18 ನಿಮಿಷದ ಹಾಗೆ ಒಂದು ವಿಎಂಸಿ 53 ಪೀಸ್ ತೆಗೀಬೇಕು, ಎರಡು ಸೇರಿ 106. ನಿಮ್ಮಿಂದ ಹೊರಗೆ ಹೋಗ್ತಿರೋದು 75. ಉಳಿದ 31 ಪೀಸಿನ ಹೊತ್ತು ಎಲ್ಲಿ ಹೋಯ್ತು? ಮೂರನೇ ಮೆಷಿನ್ ಹಾಕಿದ್ರೆ ಅದರ ಹೊತ್ತೂ ಅಲ್ಲಿಗೇ ಹೋಗಲ್ಲ ಅನ್ನೋದಕ್ಕೆ ಏನು ಖಾತ್ರಿ?

ಎರಡನೇದು, ನಾಳೆ ಬೆಳಗ್ಗೆ ಒಂದು ರೌಂಡ್ ಹೋಗಿ ಅರ್ಧಂಬರ್ಧ ಆಗಿರೋ ಪೀಸ್ ಎಲ್ಲಾ ಎಣಿಸಿ. 900 ಇದೆ ಅಂದ್ಕೊಳ್ಳಿ. ದಿನಕ್ಕೆ 75 ಹೊರಗೆ ಹೋಗೋದಾದ್ರೆ ಇವತ್ತು ಒಳಗೆ ಬಂದ ಪೀಸ್ ಸರಾಸರಿ 12 ದಿನ ನಿಮ್ಮಲ್ಲೇ ಇರುತ್ತೆ. ಬೇಕಾದ್ರೆ ಆಪರೇಟರ್‌ಗಳ ಮೇಲೆ ಕೂಗಾಡಿ, ಈ ಲೆಕ್ಕ ಬದಲಾಗಲ್ಲ. ಜಾನ್ ಲಿಟಲ್ ಅನ್ನೋ ಅಮೆರಿಕದ ಪ್ರೊಫೆಸರ್ 1961ರಲ್ಲಿ ಸಾಬೀತು ಮಾಡಿಟ್ಟ ನಿಯಮ ಇದು. ಆ 12 ದಿನದಲ್ಲಿ ಟೂಲ್ ತಾಗೋದು ಎಷ್ಟು ಹೊತ್ತು? ಗಂಟೆಗಳ ಲೆಕ್ಕ ಅಷ್ಟೇ. ಮಿಕ್ಕಿದ್ದೆಲ್ಲಾ ಕ್ರೇಟ್‌ನಲ್ಲಿ ಕಾಯೋದು.

ಈ ಕಾಯೋದರ ಲೆಕ್ಕದಲ್ಲೇ ಸರಾಸರಿ ನಮಗೆ ಕೈಕೊಡೋದು. ಒಂದೇ ಮೆಷಿನ್ ತಗೊಳ್ಳಿ. ಸರಾಸರಿ 20 ನಿಮಿಷಕ್ಕೊಂದು ಜಾಬ್ ಬರುತ್ತೆ, ಕೆಲಸ 18 ನಿಮಿಷ. ಎರಡು ನಿಮಿಷ ಮಿಗುತ್ತಲ್ಲ, ಕ್ಯೂ ಯಾಕೆ ಅನ್ಸುತ್ತೆ ಅಲ್ವಾ? ಆದರೆ ಜಾಬ್ ಬರೋದೂ ಹೆಚ್ಚುಕಮ್ಮಿ, ಕೆಲಸದ ಹೊತ್ತೂ ಹೆಚ್ಚುಕಮ್ಮಿ ಆದಾಗ, ಎರಡೂ ಪೂರ್ತಿ ಏರುಪೇರು ಅಂತ ಹಿಡಿದ್ರೆ, ಪ್ರತಿ ಜಾಬ್ ಸರಾಸರಿ 162 ನಿಮಿಷ ಕಾಯುತ್ತೆ. ಈಗ ಸೆಟ್ಟಿಂಗ್ (ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡೋದು), ಟೂಲ್ ಬದಲಾಯಿಸೋದು ಇವುಗಳಲ್ಲಿ ಸ್ವಲ್ಪ ಉಳಿಸಿ 18 ನಿಮಿಷವನ್ನು 16 ಮಾಡಿ. ಕಾಯೋದು 64 ನಿಮಿಷಕ್ಕೆ ಇಳಿಯುತ್ತೆ. ಎರಡೇ ನಿಮಿಷ! ಮೆಷಿನ್ 90 ಪರ್ಸೆಂಟ್ ಬಿಜಿ ಇದ್ದದ್ದು 80 ಆಯ್ತು, ಕ್ಯೂ ಅರ್ಧಕ್ಕಿಂತ ಕೆಳಗೆ ಬಂತು. 'ಮೆಷಿನ್ ಒಂದು ನಿಮಿಷವೂ ಖಾಲಿ ಇರಬಾರದು' ಅಂತ ಹಠ ಹಿಡಿಯೋ ಶಾಪ್‌ಗಳಲ್ಲೇ ಡೆಲಿವರಿ ಜಾಸ್ತಿ ತಡ ಆಗೋದನ್ನ ನಾನು ನೋಡಿದ್ದೀನಿ. ಕಾರಣ ಇದೇ.

ಹಾಗಾಗಿ ಮಗನ ಕೈಗೆ ಮೊದಲು ಸ್ಟಾಪ್‌ವಾಚ್ ಕೊಡಿ, ಲ್ಯಾಪ್‌ಟಾಪ್ ಆಮೇಲೆ. ಎರಡು ವಾರ ವಿಎಂಸಿ ಪಕ್ಕ ನಿಂತು, ಮೆಷಿನ್ ನಿಂತಾಗೆಲ್ಲಾ ಯಾಕೆ ನಿಂತಿತು, ಎಷ್ಟು ಹೊತ್ತು ಅಂತ ಬರೀಲಿ. ಸರಾಸರಿ ಬೇಡ, ಒಂದೊಂದು ಸಲದ್ದೂ ಬೇಕು. ಹೀಗೆ ಬರೆಸಿದ ಒಂದು ಶಾಪ್‌ನಲ್ಲಿ ಸಿಕ್ಕಿದ್ದು ಹೇಳ್ತೀನಿ. ಸೆಟ್ಟರ್ ಸೆಟ್ಟಿಂಗ್ ಮುಗಿಸಿ ಮೊದಲ ಪೀಸ್ ತೆಗೀತಿದ್ದರು. ಅದನ್ನು ಟ್ರೇಯಲ್ಲಿಟ್ಟು ಇನ್‌ಸ್ಪೆಕ್ಷನ್ ಟೇಬಲ್‌ಗೆ ಕಳಿಸ್ತಿದ್ದರು, ಓಕೆ ಬರೋವರೆಗೆ ಮೆಷಿನ್ ನಿಲ್ಲುತ್ತೆ. ಅಲ್ಲಿ ಇದ್ದದ್ದು ಒಬ್ಬರೇ ಇನ್‌ಸ್ಪೆಕ್ಟರ್. ಅವರು ಸಂಜೆ ಡಿಸ್ಪ್ಯಾಚ್ ಲಾಟ್ ಚೆಕ್ ಮಾಡ್ಬೇಕು, ರಿಪೋರ್ಟ್ ಬರೀಬೇಕು, ಗೇಟಲ್ಲಿ ಚಲನ್‌ಗೆ ಸಹಿ ಕೂಡ ಅವರದೇ. ಬೋರ್ ಗೇಜ್ (ತೂತಿನ ಅಳತೆ ನೋಡೋ ಉಪಕರಣ) ಹಿಡಿದು ಆ ಒಂದು ಪೀಸ್ ನೋಡೋಕೆ ಹತ್ತು ನಿಮಿಷ ಸಾಕು, ಆದರೆ ಅದರ ಸರದಿ ಬರೋಕೆ ಒಂದೂವರೆ ಗಂಟೆ! ಮಾಡೆಲ್‌ನಲ್ಲಿ ಹೊಸ ವಿಎಂಸಿ ಸೇರಿಸಿ ಓಡಿಸಿದ್ವಿ, ಡಿಸ್ಪ್ಯಾಚ್ ಹೆಚ್ಚೂಕಮ್ಮಿ ಅಷ್ಟೇ. ಮೊದಲ ಪೀಸಿಗೇ ಅಂತ ಒಬ್ಬರನ್ನ ಬಿಟ್ಟು ಓಡಿಸಿದ್ವಿ, ರಾಶಿ ಕರಗಿತು. ರಾಶಿ ಇದ್ದದ್ದು ವಿಎಂಸಿ ಮುಂದೆ, ಅಡ್ಡಿ ಇದ್ದದ್ದು ಇನ್‌ಸ್ಪೆಕ್ಷನ್ ಟೇಬಲ್ ಮೇಲೆ.

ನಿಮ್ಮಲ್ಲೂ ಅದೇ ಅಂತ ನಾನು ಹೇಳ್ತಿಲ್ಲ. ಲೇತ್‌ನವರು ಸೆಟ್ಟಿಂಗ್ ತಪ್ಪಿಸೋಕೆ 60 ಪೀಸ್ ಒಟ್ಟಿಗೆ ಮಾಡಿ ತಳ್ತಿರಬಹುದು. ನಿಮ್ಮ ಅಂಕಿಗಳೇ ಹೇಳಬೇಕು.

ಮಾಡೆಲ್ ಕಟ್ಟಿದ ಮೇಲೆ ಮುಖ್ಯವಾದ ಒಂದು ಪರೀಕ್ಷೆ ಇದೆ. ಕಳೆದ ತಿಂಗಳ ಆರ್ಡರ್‌ಗಳನ್ನೇ ಹಾಕಿ ಓಡಿಸಿ. ನಿಜವಾಗಿ ಹೋದದ್ದು 75, ಮಾಡೆಲ್ 98 ಅಂದ್ರೆ ಏನೋ ಬಿಟ್ಟುಹೋಗಿದೆ. ಟೀ ಬ್ರೇಕ್, ರೀವರ್ಕ್, ರಜೆ ಹಾಕಿದ ಆಪರೇಟರ್, ಹುಡುಕಿ ಸೇರಿಸಿ. ಹಳೇದು ಹೊಂದೋ ತನಕ 'ಮೂರನೇ ಮೆಷಿನ್ ಹಾಕಿದ್ರೆ' ಅಂತ ಕೇಳಲೇಬೇಡಿ. ಮತ್ತೆ, ಶಾಪ್ ಖಾಲಿ ಇದ್ದಂತೆ ಶುರುವಾಗೋ ಮೊದಲ ದಿನಗಳ ಫಲಿತಾಂಶ ಬಿಟ್ಟುಬಿಡಿ. ಒಂದೇ ಸಲ ಓಡಿಸಿ ನಂಬಬೇಡಿ, ಕಡೇಪಕ್ಷ 20–30 ಸಲ ಓಡಿಸಿ, ಒಳ್ಳೇ ತಿಂಗಳು ಹೇಗಿರುತ್ತೆ, ಕೆಟ್ಟ ತಿಂಗಳು ಹೇಗಿರುತ್ತೆ ಎರಡನ್ನೂ ನೋಡಿ. ಅಷ್ಟೆಲ್ಲಾ ಮಾಡಿದ ಮೇಲೂ ವಿಎಂಸಿ ಬೇಕು ಅಂತ ಬಂದ್ರೆ ಧೈರ್ಯವಾಗಿ ಕೊಳ್ಳಿ.

ಪ್ರಶ್ನೆ: ನೆಲಮಂಗಲ ಹತ್ತಿರ ಗೋಡೌನ್ ನೋಡ್ಕೊಳ್ತೀನಿ. 4 ಡಾಕ್ (ಲಾರಿ ನಿಲ್ಲಿಸಿ ಸರಕು ಇಳಿಸೋ ಜಾಗ), ದಿನಕ್ಕೆ 40 ಲಾರಿ, ಒಂದಕ್ಕೆ 45 ನಿಮಿಷ. ಬೆಳಗ್ಗೆ ಲಾರಿ ಸಾಲು ರಸ್ತೆಗೆ ಬರುತ್ತೆ. ಇನ್ನೆರಡು ಡಾಕ್ ಕಟ್ಟಿಸಬೇಕಾ?

ಉತ್ತರ: ಒಟ್ಟು 30 ಗಂಟೆ ಕೆಲಸ, 4 ಡಾಕ್‌ಗೆ ಹಂಚಿದ್ರೆ ಏಳೂವರೆ ಗಂಟೆ. ದಿನದ ಲೆಕ್ಕದಲ್ಲಿ ನಿಮಗೆ ಡಾಕ್ ಸಾಕು. ತೊಂದರೆ ಬೆಳಗ್ಗೆಯದು. 8ರಿಂದ 10ರ ಒಳಗೆ 25 ಲಾರಿ ಬಂದ್ರೆ 10 ಗಂಟೆಗೆ ಎಂಟು ಖಾಲಿಯಾಗಿರುತ್ತೆ, ನಾಲ್ಕು ಡಾಕ್ ಮೇಲೆ, ಉಳಿದ 13 ಹೊರಗೆ. 6 ಡಾಕ್ ಇದ್ರೂ ಏಳು ಹೊರಗೇ. ಅದೇ 25ರಲ್ಲಿ ಹತ್ತಕ್ಕೆ ಮಧ್ಯಾಹ್ನದ ಹೊತ್ತು ಕೊಟ್ಟು ಕಳಿಸಿ. 4 ಡಾಕ್‌ನಲ್ಲೇ ಹೊರಗೆ ಮೂರ್ನಾಲ್ಕು ಲಾರಿ ನಿಂತ್ರೆ ಹೆಚ್ಚು. ಕಟ್ಟಡಕ್ಕೆ ಮುಂಚೆ ಫೋನ್ ಎತ್ಕೊಂಡು ಟ್ರಾನ್ಸ್‌ಪೋರ್ಟ್‌ನವರ ಹತ್ರ ಮಾತಾಡಿ. ಗೇಟ್ ರಿಜಿಸ್ಟರ್‌ನ ಒಂದು ತಿಂಗಳ ಇನ್-ಟೈಮ್, ಔಟ್-ಟೈಮ್ ಎಕ್ಸೆಲ್‌ಗೆ ಹಾಕಿದ್ರೆ ಮಾಡೆಲ್‌ಗೆ ಬೇಕಾದ ಮಾಹಿತಿ ಬಹುಪಾಲು ಸಿಕ್ತು. ಲಾರಿ ಡ್ರೈವರ್‌ಗಳು ನೆರಳಿಲ್ಲದ ಕಡೆ ಗಂಟೆಗಟ್ಟಲೆ ಕಾಯೋದು ತಪ್ಪುತ್ತೆ, ಅದೂ ಮುಖ್ಯ.

ಪ್ರಶ್ನೆ: ಮೆಕ್ಯಾನಿಕಲ್ ಫೈನಲ್ ಇಯರ್ ಓದ್ತಿದ್ದೀನಿ. ದುಡ್ಡು ಕೊಡದೆ ಕಲಿಯೋಕೆ ಯಾವ ಸಾಫ್ಟ್‌ವೇರ್?

ಉತ್ತರ: ಪೈಥಾನ್ ಗೊತ್ತಿದ್ರೆ ಸಿಮ್‌ಪೈ, ಪೂರ್ತಿ ಉಚಿತ. ಚಿತ್ರ ಎಳೆದು ಕಟ್ಟೋದು ಇಷ್ಟ ಅಂದ್ರೆ ಜಾಮ್‌ಸಿಮ್, ಅದೂ ಉಚಿತ. ಎನಿಲಾಜಿಕ್‌ನಲ್ಲಿ ಕಲಿಯೋಕೆ ಮಾತ್ರ ಅಂತ ಒಂದು ಉಚಿತ ಆವೃತ್ತಿ ಇದೆ, ಕಂಪನಿ ಕೆಲಸಕ್ಕೆ ಬಳಸೋ ಹಾಗಿಲ್ಲ. ಅರೆನಾ, ಪ್ಲಾಂಟ್ ಸಿಮ್ಯುಲೇಷನ್ ಅನ್ನೋ ಸಾಫ್ಟ್‌ವೇರ್‌ಗಳನ್ನ ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಮೊದಲ ಮಾಡೆಲ್ ಫ್ಯಾಕ್ಟರಿಯದೇ ಆಗಬೇಕಿಲ್ಲ. ಕಾಲೇಜು ಹತ್ತಿರದ ದರ್ಶಿನಿಗೆ ಬೆಳಗ್ಗೆ 8ಕ್ಕೆ ಹೋಗಿ, ಬಿಲ್ ಕೌಂಟರ್, ದೋಸೆ ಕಲ್ಲು, ಕಾಫಿ ಕೌಂಟರ್ ಮೂರರ ಹೊತ್ತೂ ಒಂದು ಗಂಟೆ ಬರೆದುಕೊಂಡು ಬಂದು ಕಟ್ಟಿ. ಮಾರನೇ ದಿನ ಅದೇ ಹೊತ್ತಿಗೆ ಹೋಗಿ ದೋಸೆ ಕಲ್ಲಿನ ಮುಂದಿನ ಸಾಲು ನಿಮ್ಮ ಮಾಡೆಲ್ ಹೇಳಿದಷ್ಟೇ ಇದೆಯಾ ಅಂತ ಎಣಿಸಿ.