ಒಂದು ಪ್ರತಿಕಾಯ, ಎರಡು ಬ್ಯಾಂಡು

ಪ್ರಶ್ನೆ: ನಾನು ಹಾಸನದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ಹೀಲಾ ಎಂಬ ಮಾನವ ಕೋಶಗಳಿಗೆ ಬೆಳವಣಿಗೆಯ ಸಂಕೇತ ಕೊಡುವ ಇಜಿಎಫ್ ಪ್ರೋಟೀನು ಕೊಟ್ಟು, ಫಾಸ್ಫೇಟ್ ಹೊತ್ತ ಇಆರ್‌ಕೆ ಪ್ರೋಟೀನನ್ನು ಮಾತ್ರ ಹಿಡಿಯುವ, ಮೊಲದಿಂದ ಪಡೆದ ಫಾಸ್ಫೊ-ಇಆರ್‌ಕೆ ಪ್ರತಿಕಾಯ ಬಳಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಪತ್ತೆಹಚ್ಚುವ ವಿಧಾನ) ಮಾಡಿದೆ. ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಪೊರೆಯನ್ನು ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸಿ, ಪ್ರತಿಕಾಯವನ್ನೂ ಅದರಲ್ಲೇ ಬೆರೆಸಿದ್ದೆ. ಒಂದರ ಕೆಳಗೊಂದು ಎರಡು ಬ್ಯಾಂಡು (ಪ್ರತಿಕಾಯ ಹಿಡಿದ ಪ್ರೋಟೀನು ಇರುವ ಜಾಗದ ಗೆರೆ) ಬಂದವು, ಪೊರೆಯೆಲ್ಲ ಕಪ್ಪಾಗಿತ್ತು. ಎರಡನೆಯ ಸಲ ಕೋಶಗಳನ್ನು ಒಡೆದ ಹೊತ್ತಿಗೆ ಕರೆಂಟು ಹೋಗಿ ಸೆಂಟ್ರಿಫ್ಯೂಜು ನಿಂತಿತು, ಮಾದರಿಗಳು ಅರ್ಧ ಗಂಟೆ ಮೇಜಿನ ಮೇಲೆಯೇ ಇದ್ದವು; ಆ ಸಲ ಬ್ಯಾಂಡೇ ಇಲ್ಲ. ಪ್ರತಿಕಾಯ ಕೆಟ್ಟಿದೆ ಎನ್ನುತ್ತಾರೆ ಹಿರಿಯ ವಿದ್ಯಾರ್ಥಿಗಳು. ನಿಜವೇ?

ಉತ್ತರ: ನೀವು ಬರೆದಷ್ಟರಿಂದ ಪ್ರತಿಕಾಯವನ್ನು ದೂರಲು ನನಗೆ ಕಾರಣ ಕಾಣುವುದಿಲ್ಲ. ಎರಡು ಬ್ಯಾಂಡು ಬಂದದ್ದು ದೋಷವಲ್ಲ, ಬರಬೇಕಾದದ್ದೇ ಅದು. ಇಆರ್‌ಕೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಪ್ರೋಟೀನುಗಳು ಎರಡು: 44 ಕಿಲೋಡಾಲ್ಟನ್ ತೂಕದ ಇಆರ್‌ಕೆ-1 ಮತ್ತು 42 ಕಿಲೋಡಾಲ್ಟನ್ ತೂಕದ ಇಆರ್‌ಕೆ-2. ಇಜಿಎಫ್ ಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿದಾಗ ಸಂಕೇತವು ರಾಸ್, ರಾಫ್, ಮೆಕ್ ಎಂಬ ಪ್ರೋಟೀನುಗಳ ಮೂಲಕ ಒಳಗೆ ಸಾಗುತ್ತದೆ. ಕೊನೆಗೆ ಮೆಕ್ ಕಿಣ್ವವು ಇಆರ್‌ಕೆಯ ಒಂದು ಥ್ರಿಯೋನಿನ್ ಮತ್ತು ಒಂದು ಟೈರೋಸಿನ್ ಮೇಲೆ ಫಾಸ್ಫೇಟ್ ಕೂರಿಸುತ್ತದೆ. ಈ ಜಾಗದ ಅಮೈನೊ ಆಮ್ಲಗಳ ಸಾಲು ಎರಡರಲ್ಲೂ ಒಂದೇ ಆಗಿರುವುದರಿಂದ ನಿಮ್ಮ ಪ್ರತಿಕಾಯ ಎರಡನ್ನೂ ಹಿಡಿಯುತ್ತದೆ. ಕೇವಲ 2 ಕಿಲೋಡಾಲ್ಟನ್ ಅಂತರದ ಪ್ರೋಟೀನುಗಳು ಬೇರೆಬೇರೆಯಾಗಿ ಕಂಡಿವೆಯೆಂದರೆ ಜೆಲ್ಲನ್ನು ನೀವು ಚೆನ್ನಾಗಿಯೇ ಓಡಿಸಿದ್ದೀರಿ.

ಕಪ್ಪಿನ ವಿಷಯಕ್ಕೆ ಬಂದರೆ, ಹಾಲು ಕರೆಯುವ ಜಿಲ್ಲೆಯವರ ಮುಂದೆ ಹಾಲನ್ನು ದೂರಲು ಸಂಕೋಚವಾಗುತ್ತದೆ. ಆದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಹಾಲಿನ ಕೇಸಿನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನು. ಫಾಸ್ಫೇಟನ್ನು ಗುರುತಿಸುವ ಪ್ರತಿಕಾಯವನ್ನು ಅದರಲ್ಲಿ ಬೆರೆಸಿದರೆ ಹಿನ್ನೆಲೆ ಕಪ್ಪೇರಬಹುದು. ಹಾಲಿನ ಬದಲು ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎಯ ಶೇಕಡಾ 5ರ ದ್ರಾವಣದಲ್ಲಿ ಬೆರೆಸಿ ನೋಡಿ. ಮೊದಲನೆಯದಕ್ಕೆ ಅಂಟಿ ಅದನ್ನು ಕಾಣುವಂತೆ ಮಾಡುವ ಎರಡನೆಯ ಪ್ರತಿಕಾಯ ಹೆಚ್ಚಾದರೂ, ತೊಳೆಯುವುದು ಸಾಲದಾದರೂ ಹೀಗೆಯೇ ಆಗುತ್ತದೆ.

ಬ್ಯಾಂಡು ಮಾಯವಾದದ್ದರ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಕೋಶವನ್ನು ಒಡೆದ ಕ್ಷಣದಿಂದ ಅದರೊಳಗಿದ್ದ ಫಾಸ್ಫಟೇಸ್ ಕಿಣ್ವಗಳು ಫಾಸ್ಫೇಟನ್ನು ಕಿತ್ತುಹಾಕತೊಡಗುತ್ತವೆ, ಬೆಚ್ಚಗಿದ್ದಷ್ಟೂ ಆ ಕೆಲಸ ಚುರುಕಾಗುತ್ತದೆ. ಅರ್ಧ ಗಂಟೆ ಮೇಜಿನ ಮೇಲಿದ್ದ ಮಾದರಿಯಲ್ಲಿ ಇಆರ್‌ಕೆ ಉಳಿದಿರಬಹುದು, ಅದರ ಮೇಲಿನ ಫಾಸ್ಫೇಟ್ ಉಳಿದಿರಲಾರದು. ಕೋಶ ಒಡೆಯುವ ದ್ರಾವಣಕ್ಕೆ ಫಾಸ್ಫಟೇಸುಗಳನ್ನು ತಡೆಯುವ ಸೋಡಿಯಂ ಫ್ಲೋರೈಡ್ ಮತ್ತು ಸೋಡಿಯಂ ಆರ್ಥೊವನಡೇಟ್ ಸೇರಿಸಿ, ಮಾದರಿಯನ್ನು ಐಸಿನಿಂದ ಆಚೆಗೆ ತೆಗೆಯಬೇಡಿ. ಮತ್ತೆ ಕರೆಂಟು ಹೋದರೆ ತಡಮಾಡದೆ, ಪ್ರೋಟೀನುಗಳ ಮಡಿಕೆ ಬಿಚ್ಚುವ ಎಸ್‌ಡಿಎಸ್ ಬಫರ್ ಬೆರೆಸಿ ಕುದಿಸಿಬಿಡಿ. ಕಿಣ್ವಗಳು ಅಲ್ಲಿಗೇ ನಿಲ್ಲುತ್ತವೆ.

ಪ್ರತಿಕಾಯದ ಬಾಟಲಿಯನ್ನು ಎಸೆಯುವ ಮುನ್ನ ಅದೇ ಮಾದರಿಗಳನ್ನು ಫಾಸ್ಫೇಟ್ ಇದ್ದರೂ ಇಲ್ಲದಿದ್ದರೂ ಹಿಡಿಯುವ, ಒಟ್ಟು ಇಆರ್‌ಕೆಯ ಪ್ರತಿಕಾಯದಿಂದ ಪರೀಕ್ಷಿಸಿ. ಅದೂ ಮೊಲದ್ದೇ ಆಗಿದ್ದರೆ ಒಂದೇ ಪೊರೆಯ ಮೇಲೆ ಎರಡರ ಬ್ಯಾಂಡುಗಳೂ ಬೆರೆತುಹೋಗುವುದರಿಂದ ಇನ್ನೊಂದು ಜೆಲ್ ಓಡಿಸುವುದೇ ಸುಲಭ. ಜೊತೆಗೆ ಒಂದು ತಟ್ಟೆಯ ಕೋಶಗಳಿಗೆ ಇಜಿಎಫ್‌ಗೆ ಮೊದಲೇ ಮೆಕ್ಕನ್ನು ತಡೆಯುವ ಯು0126 ಕೊಡಿ. ಜೆಲ್ಲಿನಲ್ಲಿ ಆ ಕೋಶಗಳ ಸಾಲಿನಲ್ಲಿ ಮಾತ್ರ ಫಾಸ್ಫೊ-ಇಆರ್‌ಕೆಯ ಎರಡೂ ಬ್ಯಾಂಡು ಅಳಿದು, ಒಟ್ಟು ಇಆರ್‌ಕೆ ಎಲ್ಲ ಸಾಲುಗಳಲ್ಲೂ ಸಮನಾಗಿ ನಿಂತರೆ ಪ್ರತಿಕಾಯ ಸರಿಯಿದೆ ಎಂದರ್ಥ; ಆ ಚಿತ್ರವನ್ನು ಹಿರಿಯ ವಿದ್ಯಾರ್ಥಿಗಳಿಗೆ ತೋರಿಸಿ.