ಅಜ್ಜ ಬಾಗಿಲಾಚೆ ಬಂದದ್ದು ಯಾಕೆ?

ನಮಸ್ಕಾರ,

ನಿಮ್ಮ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಜೆರುಸಲೇಮಿನಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೀರಿ. ಅವರು ಯೆಹೂದ್ಯರು, ಅದರಲ್ಲೂ ಕೋಹೆನ್, ಅಂದರೆ ಮೊದಲ ಮಹಾಯಾಜಕ ಆರೋನನ ವಂಶದ ಯಾಜಕ ಮನೆತನದವರು. ವೀಲ್‌ಚೇರ್ ತಳ್ಳಿಕೊಂಡು ಅವರನ್ನು ಪ್ರಾರ್ಥನಾಮಂದಿರಕ್ಕೆ, ಅಂದರೆ ಸಿನಗಾಗಿಗೆ ಕರೆದೊಯ್ಯುತ್ತೀರಿ. ಕೋಹೆನ್‌ಗಳು ಜನರನ್ನು ಆಶೀರ್ವದಿಸುವ ಹೊತ್ತು ಬಂದಾಗ ಅಜ್ಜ ‘ಹೊರಗೆ ಹೋಗೋಣ’ ಅನ್ನುತ್ತಾರೆ. ಅದನ್ನು ಕಂಡು ನಿಮಗೆ ಸಂಕಟವಾಗಿದೆ. ಊನ ಇದ್ದವರನ್ನು ಈ ಧರ್ಮ ಆಚೆ ಹಾಕುತ್ತದೆ ಅಂತ ತೀರ್ಪು ಕೊಟ್ಟು ಆರು ಪುಟ ಬರೆದಿದ್ದೀರಿ.

ತೀರ್ಪು ಬೇಗ ಬಂತು. ನೀವು ಕೊಟ್ಟ ಆಧಾರ ಅವರ ಧರ್ಮಗ್ರಂಥ ತೋರಾದ ಯಾಜಕಕಾಂಡದ 21ನೇ ಅಧ್ಯಾಯ. ಊನವಿರುವ ಯಾಜಕ ಬಲಿಪೀಠದ ಸೇವೆ ಮಾಡಬಾರದು ಅಂತ ಅಲ್ಲಿದೆ, ನಿಜ. ಅದು ಜೆರುಸಲೇಮಿನಲ್ಲಿದ್ದ ಹಳೆಯ ದೇವಾಲಯದ ಮಾತು. ಆ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದರು. ಅದೇ ಅಧ್ಯಾಯದ 22ನೇ ವಚನದಲ್ಲಿ, ಅಂಥವನೂ ದೇವರ ನೈವೇದ್ಯದ ಪಾಲು ತಿನ್ನಬಹುದು ಅಂತಿದೆ. ಅದನ್ನು ಬಿಟ್ಟುಬಿಟ್ಟಿದ್ದೀರಿ. ಬಿಡಬಾರದಿತ್ತು.

ಆಶೀರ್ವಾದದ ನಿಯಮ ಬೇರೆ ಕಡೆ ಇದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಯೆಹೂದ್ಯ ನಿಯಮಗಳ ಸಂಗ್ರಹ ಮಿಶ್ನಾ, ಕೈಯಲ್ಲಿ ಊನವಿರುವ ಕೋಹೆನ್ ಆಶೀರ್ವದಿಸಲು ಕೈ ಎತ್ತಬಾರದು ಅನ್ನುತ್ತದೆ. ಅಲ್ಲೇ ರಬ್ಬಿ ಯೆಹೂದಾ ಇನ್ನೊಂದು ಮಾತು ಸೇರಿಸುತ್ತಾರೆ. ಬಣ್ಣದ ಕೆಲಸ ಮಾಡಿ ಕೈ ನೀಲಿಯೋ ಕೆಂಪೋ ಆಗಿದ್ದರೆ ಅವನೂ ಎತ್ತಬಾರದು, ಯಾಕೆಂದರೆ ಜನ ಅವನನ್ನೇ ನೋಡುತ್ತಾ ನಿಲ್ಲುತ್ತಾರೆ. ಬಣ್ಣ ಹತ್ತಿದ ಕೈಯಲ್ಲಿ ಏನು ಊನ? ಏನೂ ಇಲ್ಲ. ಇಲ್ಲಿ ಅಡ್ಡಿ ಅಂತ ಎಣಿಸಿದ್ದು ನೋಡುವವರ ಕಣ್ಣನ್ನು. ಮುಂದೆ, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದ್ ಹೇಳುವುದನ್ನು ಕೇಳಿ. ರವ್ ಹೂನಾ ಎಂಬ ಪಂಡಿತರ ನೆರೆಯಲ್ಲಿ ಸದಾ ಕಣ್ಣಲ್ಲಿ ನೀರು ಸುರಿಯುವ ಒಬ್ಬ ಕೋಹೆನ್ ಇದ್ದ. ಅದೂ ಅಡ್ಡಿಯೇ, ಆದರೂ ಅವನು ಕೈ ಎತ್ತಿ ಆಶೀರ್ವದಿಸುತ್ತಿದ್ದ. ಹೇಗೆ? ಊರಿಗೆಲ್ಲ ಅವನು ಗೊತ್ತಿದ್ದವನು. ಊರಲ್ಲಿ ಜಾಸ್ತಿ ಜನ ಬಣ್ಣದವರೇ ಆಗಿದ್ದರೆ ಬಣ್ಣದ ಕೈಗೂ ತೊಂದರೆಯಿಲ್ಲ. ನನಗೆ ಇದು ತುಂಬಾ ಹಿಡಿಸಿತು.

ಎಷ್ಟು ದಿನ ಇದ್ದರೆ ಊರಿಗೆ ಗೊತ್ತಾದಂತೆ? ಯೋಸೆಫ್ ಕಾರೋ ಬರೆದು, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಖಾನ್ ಆರೂಖ್ ಎಂಬ ಯೆಹೂದ್ಯ ನಿಯಮಗ್ರಂಥ 30 ದಿನ ಅನ್ನುತ್ತದೆ. ಪ್ರಾರ್ಥನೆಯ ಶಾಲನ್ನು ಮುಖ, ಕೈ ಮುಚ್ಚುವಂತೆ ಇಳಿಬಿಡುವ ರೂಢಿ ಇರುವ ಕಡೆ ಅದೂ ಬೇಕಿಲ್ಲ. ನೀವು ಸಿಟ್ಟಾಗುವುದಾದರೆ ಇಲ್ಲಿ ಆಗಿ. ಜನ ಕಣ್ಣು ಬಿಟ್ಟು ನೋಡುವುದಕ್ಕೆ ಹೊಸದಾಗಿ ಬಂದವನು ಯಾಕೆ ಕೈ ಇಳಿಸಿಕೊಂಡು ನಿಲ್ಲಬೇಕು? ನನಗೂ ಈ ಪ್ರಶ್ನೆ ಇದೆ.

ಆದರೆ ಇದ್ಯಾವುದೂ ನಿಮ್ಮ ಅಜ್ಜನಿಗೆ ತಗಲುವುದಿಲ್ಲ. ನೀವೇ ಬರೆದಿದ್ದೀರಿ, ಆ ಬೀದಿಗೆ ಅವರು ನಲವತ್ತು ವರ್ಷದಿಂದ ಗೊತ್ತು. ಅವರಿಗೆ ಅಡ್ಡ ಬಂದಿರುವುದು ಬೇರೆ ನಿಯಮ. ಈ ಆಶೀರ್ವಾದವನ್ನು ನಿಂತುಕೊಂಡು, ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಗಟ್ಟಿಯಾಗಿ ಹೇಳಬೇಕು. ಅವರಿಗೆ ನಿಲ್ಲಲು ಆಗುವುದಿಲ್ಲ. ಒಳಗಿದ್ದು, ‘ಕೋಹನೀಮ್’ (ಕೋಹೆನ್‌ಗಳೇ) ಅಂತ ಕರೆ ಬಂದಾಗ ಹೋಗದಿದ್ದರೆ ಆಜ್ಞೆ ಮೀರಿದಂತೆ. ಹೊರಗಿದ್ದರೆ ಆ ಕರೆ ಅವರಿಗಲ್ಲ. ಆಶೀರ್ವಾದ ಮುಗಿಯುವ ತನಕ ಒಳಗೆ ಬಾರದಿರುವುದಕ್ಕೂ ಶುಲ್ಖಾನ್ ಆರೂಖ್ ಕಾರಣ ಕೊಡುತ್ತದೆ: ‘ಇವನ ಕುಲದಲ್ಲೇ ಏನೋ ದೋಷ’ ಅಂತ ಯಾರೂ ಆಡಿಕೊಳ್ಳಬಾರದು. ನೀವು ‘ಹೊರಗೆ ಅಟ್ಟುತ್ತಾರೆ’ ಅಂತ ಬರೆದಿದ್ದೀರಿ. ಅಟ್ಟಿದವರು ಯಾರು? ನಿಮ್ಮ ಬರಹದಲ್ಲೇ ಅಜ್ಜ ತಾನಾಗಿ ಕೇಳಿಕೊಂಡು ಬಂದಿದ್ದಾರೆ. ಅವರಿಗೆ ನೋವಿಲ್ಲ ಅಂತ ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಕೂತಿರುವವರು ನೀವು, ಅವರನ್ನೇ ಕೇಳಬಹುದು ಅಲ್ವಾ?

ಭಾಷೆಯ ಬಗ್ಗೆ ಒಂದೇ ಮಾತು. ಪೂಜಾರಿ, ಗರ್ಭಗುಡಿ, ಮಡಿ ಎಲ್ಲ ತೆಗೆಯಿರಿ. ಆ ಪದಗಳು ಓದುಗರನ್ನು ಸೀದಾ ನಮ್ಮೂರ ದೇವಸ್ಥಾನಕ್ಕೆ ಕರೆದೊಯ್ಯುತ್ತವೆ. ಕೋಹೆನ್ ಅಂತಲೇ ಬರೆಯಿರಿ, ಸಾಕು.

ಈಗ ಐದನೇ ಪುಟ. ‘ಅಂಗಳದಲ್ಲಿ ಕೂತಾಗ ಅಜ್ಜನ ಕೈ ಹೊದಿಕೆಯೊಳಗೆ ಇತ್ತು. ಹೊದಿಕೆ ಸರಿಪಡಿಸಲು ಹೋದರೆ ಬೆರಳುಗಳು ಎರಡೆರಡಾಗಿ ಬೇರೆಬೇರೆ ನಿಂತಿದ್ದವು. ಕೈ ಸೆಟೆದಿದೆಯೇನೋ ಅಂತ ತಿಕ್ಕಿದೆ.’ ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ಆ ಕೈ ಸೆಟೆದಿರಲಿಲ್ಲ. ಆಶೀರ್ವದಿಸುವಾಗ ಕೋಹೆನ್‌ಗಳು ಬೆರಳು ಹಿಡಿಯುವುದೇ ಹಾಗೆ, ಎರಡೂ ಕೈ ಸೇರಿ ನಡುವೆ ಐದು ಸಂದು ಬರುವಂತೆ. ಒಳಗೆ ಬೇರೆಯವರು ಹೇಳುತ್ತಿದ್ದಾಗ ಅಜ್ಜ ಹೊದಿಕೆಯೊಳಗೆ ಅದೇ ಕೈ ಹಿಡಿದು ಕೂತಿದ್ದರು. ನೀವು ಅದನ್ನು ಕಂಡಿದ್ದೀರಿ, ಏನೆಂದು ಗೊತ್ತಾಗದೆ ಮುಂದೆ ಹೋಗಿದ್ದೀರಿ.

ಲೇಖನ ಅಲ್ಲಿಂದ ಶುರು ಮಾಡಿ. ಮೊದಲ ಮೂರು ಪುಟ ಪೂರ್ತಿ ಹೋಗಲಿ. ಆ ಆಶೀರ್ವಾದ ಹೀಬ್ರೂವಿನಲ್ಲಿ ಬರೀ 15 ಪದ, ಸಾಲಿಗೆ 3, 5, 7. ಅದು ಮುಗಿಯುವ ತನಕ ನೀವಿಬ್ಬರೂ ಅಂಗಳದಲ್ಲಿ ಹೇಗೆ ಕೂತಿದ್ದಿರಿ, ಒಳಗಿನ ದನಿ ಕೇಳುತ್ತಿತ್ತಾ, ನೀವು ಬೆರಳು ತಿಕ್ಕಿದಾಗ ಅಜ್ಜ ಏನಂದರು, ಅದನ್ನು ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.